ಕೈಗಳನ್ನು ಎಣಿಸಿದ ಮಹನೀಯ: ಸರ್ ಎಂ. ವಿಶ್ವೇಶ್ವರಯ್ಯ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿಯಾದ ನಾನೂ ಒಂದು ಲೇಖನ ಬರೆಯಬೇಕೆಂದು ಸಮಿತಿಯ ಹಿರಿಯರು ಅಪ್ಪಣೆ ಮಾಡಿದಾಗ, ಮಹಾಪುರುಷರೊಬ್ಬರ ಜೀವನವನ್ನು ಕುರಿತು ಬರೆಯುತ್ತೇನೆಂದು ಒಪ್ಪಿಕೊಂಡೆ. ಯಾರನ್ನು ಆರಿಸಿಕೊಳ್ಳಬೇಕೆಂಬ ಯೋಚನೆಯಲ್ಲಿ ಒಂದು ಸಂಜೆ ಸಿದ್ಧೇಶ್ವರ ಸ್ವಾಮಿಯ ಗುಡಿಯ ಆವರಣದಲ್ಲಿ ಕುಳಿತಿದ್ದೆ. ಹೆಂಜೇರು ಎಂಬ ಹೆಸರಿನಿಂದ ನೊಳಂಬರ ರಾಜಧಾನಿಯಾಗಿ ಮೆರೆದ ಊರು ನಮ್ಮ ಹೇಮಾವತಿ. ಇಲ್ಲಿ ಶಿವನು ಲಿಂಗರೂಪದಲ್ಲಲ್ಲದೆ ಕುಳಿತ ಮೂರ್ತಿಯಾಗಿ ಪೂಜೆಗೊಳ್ಳುತ್ತಾನೆ. ದೊಡ್ಡೇಶ್ವರ ಗುಡಿಯ ಜಾಲಂಧ್ರಗಳನ್ನೂ, ಕನ್ನಡಿಯಂತೆ ನುಣುಪಾದ ಕರಿಕಲ್ಲಿನ ಕಂಬಗಳನ್ನೂ ನೋಡಿದವರಿಗೆ, ಸಾವಿರ ವರ್ಷಗಳ ಹಿಂದೆ ಈ ನೆಲದಲ್ಲಿ ಎಂತಹ ನುರಿತ ಕೈಗಳಿದ್ದವೆಂಬುದು ಬೇರೆ ಹೇಳಬೇಕಾಗಿಲ್ಲ. ಚೋಳರು ಈ ಸೀಮೆಯನ್ನು ಗೆದ್ದಾಗ ನೊಳಂಬರ ಕಂಬಗಳನ್ನು ಒಯ್ದರೆಂದೂ, ತಂಜಾವೂರಿನ ಬಳಿಯ ತಿರುವೈಯಾರಿನ ದೇವಾಲಯದಲ್ಲಿ ಅವು ಇಂದಿಗೂ ನಿಂತಿವೆಯೆಂದೂ ವಿದ್ವಾಂಸರು ಹೇಳುತ್ತಾರೆ. ಕಂಬಗಳನ್ನು ಗಾಡಿಯ ಮೇಲೆ ಹೇರಿ ಒಯ್ಯಬಹುದು. ಆದರೆ ಆ ಕಂಬಗಳನ್ನು ಕಡೆದ ವಿದ್ಯೆ ನಮ್ಮ ಊರಿನಿಂದ ಹೇಗೆ ಮರೆಯಾಯಿತು?

ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡಾಗ ನನ್ನ ಬಾಲ್ಯದ ಒಂದು ಘಟನೆ ನೆನಪಾಯಿತು. ನಾನು ಈ ಶಾಲೆಯಲ್ಲಿ ಓದುತ್ತಿದ್ದ ದಿನಗಳಲ್ಲಿ ನಮ್ಮ ಬಾವಿಗೆ ಒಂದು ಡೀಸೆಲ್ ಎಂಜಿನ್ ಇತ್ತು. ಒಂದು ಬೇಸಿಗೆಯಲ್ಲಿ ರಾಗಿ ತೆನೆ ಬಿಡುವ ಹೊತ್ತಿಗೆ ಅದು ನಿಂತುಹೋಯಿತು. ಸುತ್ತಲಿನ ಹಳ್ಳಿಗಳಲ್ಲಿ ಅದನ್ನು ಬಿಚ್ಚಿ ನೋಡಬಲ್ಲವರು ಒಬ್ಬರೂ ಇರಲಿಲ್ಲ. ತಂದೆಯವರು ಬೈಸಿಕಲ್ ತುಳಿದುಕೊಂಡು ದೂರದ ಪೇಟೆಗೆ ಹೋಗಿ ಮೆಕ್ಯಾನಿಕ್ಕನಿಗಾಗಿ ಕಾದರು. ಅವನಿಗೆ ಹತ್ತೂರಿನ ಕೆಲಸ. ಹನ್ನೊಂದನೆಯ ದಿನ ಬಂದ ಅವನು ಅರ್ಧ ಗಂಟೆಯಲ್ಲಿ ಎಂಜಿನ್ ಓಡಿಸಿಕೊಟ್ಟು ಹೋದ. ಅಷ್ಟರಲ್ಲಿ ಪೈರು ಒಣಗಿತ್ತು. ಬಾವಿಯಲ್ಲಿ ನೀರಿತ್ತು, ಎಂಜಿನ್ ಇತ್ತು, ಡೀಸೆಲ್ ಇತ್ತು. ಇರಲಿಲ್ಲವಾದದ್ದು ಬಲ್ಲವನ ಎರಡು ಕೈಗಳು ಮಾತ್ರ. ಆ ವರ್ಷ ನಮ್ಮ ಮನೆಯಲ್ಲಿ ರಾಗಿಯನ್ನು ಕೊಂಡು ಉಂಡೆವು. ನಾನು ಮುಂದೆ ಫಿಟ್ಟರ್ ಕಸುಬು ಕಲಿತು, ಬಹುಕಾಲ ಆ ಕಸುಬನ್ನೇ ಮಕ್ಕಳಿಗೆ ಕಲಿಸುವ ವೃತ್ತಿಯಲ್ಲಿ ಕಳೆದುದಕ್ಕೆ ಆ ಹನ್ನೊಂದು ದಿನಗಳೇ ಕಾರಣ.

ಒಂದು ಸೀಮೆಗೆ ಬೇಕಾದ ನುರಿತ ಕೆಲಸಗಾರರು ತಾವಾಗಿಯೇ ಹುಟ್ಟಿಕೊಳ್ಳುವುದಿಲ್ಲ. ಎಷ್ಟು ಮಂದಿ ಬೇಕೆಂದು ಮುಂಚಿತವಾಗಿ ಎಣಿಸಿ, ಅವರನ್ನು ತರಬೇತುಗೊಳಿಸುವ ಏರ್ಪಾಟನ್ನು ವರ್ಷಗಳ ಮೊದಲೇ ಮಾಡಬೇಕಾಗುತ್ತದೆ. ಈ ಸತ್ಯವನ್ನು ನಮ್ಮ ನಾಡಿನಲ್ಲಿ ಬಹು ಸ್ಪಷ್ಟವಾಗಿ ಕಂಡು, ಬಾಳಿನುದ್ದಕ್ಕೂ ಅದರಂತೆ ನಡೆದವರು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದವರೆಂದು ಅವರನ್ನು ನಮ್ಮ ಪ್ರತಿಯೊಂದು ಮಗುವೂ ಬಲ್ಲದು. ಆದರೆ ಕಟ್ಟುವವರನ್ನು ತಯಾರು ಮಾಡಿದ ವಿಶ್ವೇಶ್ವರಯ್ಯನವರನ್ನು ಕುರಿತು ಅಷ್ಟಾಗಿ ಹೇಳುವುದಿಲ್ಲವಾದ್ದರಿಂದ, ಅವರ ಬದುಕಿನ ಆ ಮುಖವನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ವಿಶ್ವೇಶ್ವರಯ್ಯನವರು 1861ರ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷಮ್ಮನವರು. ಅವರ ಹೆಸರಿನ ಮೊದಲಿರುವ ಮೋಕ್ಷಗುಂಡಂ ಎಂಬುದು ಆಂಧ್ರದ ಗಿದ್ದಲೂರು ಸೀಮೆಯ ಒಂದು ಗ್ರಾಮ. ಪೂರ್ವಿಕರು ಅಲ್ಲಿಂದ ಬಂದು ಮೈಸೂರು ನಾಡಿನಲ್ಲಿ ನೆಲೆಸಿದವರು. ತೆಲುಗು ನೆಲದ ಹೆಸರನ್ನು ಹೊತ್ತು ಕನ್ನಡ ನಾಡಿನ ಮನೆಮಾತಾದ ಈ ಮಹನೀಯರನ್ನು, ಆಂಧ್ರ ಪ್ರದೇಶದಲ್ಲಿದ್ದುಕೊಂಡು ಕನ್ನಡವನ್ನು ಓದಿ ಬೆಳೆದ ನಾವು ಸ್ಮರಿಸುವುದರಲ್ಲಿ ಒಂದು ವಿಶೇಷ ಔಚಿತ್ಯವಿದೆಯೆಂದು ನಾನು ಭಾವಿಸುತ್ತೇನೆ. ಗಡಿಯ ಗೆರೆಗಳು ಭೂಪಟದಲ್ಲಿ ಇರುತ್ತವೆ. ವಿದ್ಯೆಗೆ ಅವು ಅಡ್ಡಬರಬೇಕಾಗಿಲ್ಲ.

ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಬಾಲಕ ಸೋದರಮಾವ ರಾಮಯ್ಯನವರ ಆಶ್ರಯದಲ್ಲಿ ಬೆಂಗಳೂರಿನಲ್ಲಿ ವಿದ್ಯಾಭ್ಯಾಸವನ್ನು ಮುಂದುವರಿಸಿದರು. ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳಿ ತಮ್ಮ ಖರ್ಚನ್ನು ತಾವೇ ನಿಭಾಯಿಸಿದರು. 1881ರಲ್ಲಿ ಬಿ.ಎ. ಪದವಿ ಪಡೆದರು. ಇಂಜಿನಿಯರಿಂಗ್ ಕಲಿಯಬೇಕೆಂಬ ಆಸೆಯಿತ್ತು. ಆದರೆ ಮೈಸೂರು ಸಂಸ್ಥಾನದಲ್ಲಿ ಆಗ ಆ ವಿದ್ಯೆಯನ್ನು ಕಲಿಸುವ ಕಾಲೇಜು ಇರಲಿಲ್ಲ. ಪುಣೆಗೋ ಮದರಾಸಿಗೋ ಹೋಗಬೇಕಿತ್ತು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ದೊರೆತ ಸಂಸ್ಥಾನದ ವಿದ್ಯಾರ್ಥಿವೇತನದಿಂದ ಅವರು ಪುಣೆಯ ವಿಜ್ಞಾನ ಕಾಲೇಜನ್ನು ಸೇರಿ, 1883ರ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಗಳಿಸಿದರು. ಮರುವರ್ಷವೇ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರಾಗಿ ನಾಸಿಕದಲ್ಲಿ ಕೆಲಸಕ್ಕೆ ಸೇರಿದರು.

ಒಬ್ಬ ಬಡ ವಿದ್ಯಾರ್ಥಿಗೆ ಸಂಸ್ಥಾನವು ಕೊಟ್ಟ ಅಲ್ಪ ಮೊತ್ತದ ವೇತನವು ಮುಂದೆ ನಾಡಿಗೆ ಎಷ್ಟು ಪಾಲು ಮರಳಿ ಬಂದಿತೆಂದು ಲೆಕ್ಕ ಹಾಕಲಾಗದು. ವಿಶ್ವೇಶ್ವರಯ್ಯನವರು ಆ ಋಣವನ್ನು ಮರೆತವರಲ್ಲ. ತಾವು ಪಡೆದ ಅವಕಾಶವು ಒಬ್ಬಿಬ್ಬರ ಅದೃಷ್ಟವಾಗಿ ಉಳಿಯದೆ ನಾಡಿನ ಏರ್ಪಾಟಾಗಬೇಕು ಎಂಬ ಹಂಬಲವು ಅವರ ಮುಂದಿನ ಕೆಲಸಗಳಲ್ಲೆಲ್ಲ ಕಾಣುತ್ತದೆ.

ಮುಂಬಯಿ ಪ್ರಾಂತದ ಸೇವೆಯಲ್ಲಿ ಅವರು ಕಾಲು ಶತಮಾನದಷ್ಟು ಕಾಲ ದುಡಿದರು. ಸಿಂಧ್ ಪ್ರಾಂತದ ಸಕ್ಕರ್ ಪಟ್ಟಣಕ್ಕೆ ಸಿಂಧೂ ನದಿಯ ನೀರನ್ನು ಸೋಸಿ ಒದಗಿಸಿದರು. 1899ರಲ್ಲಿ ದಖ್ಖನ್ ಕಾಲುವೆಗಳಿಗೆ ಬ್ಲಾಕ್ ಪದ್ಧತಿಯೆಂಬ ನೀರಾವರಿ ಕ್ರಮವನ್ನು ರೂಪಿಸಿದರು. 1903ರಲ್ಲಿ ಪುಣೆಯ ಬಳಿಯ ಖಡಕವಾಸ್ಲಾ ಜಲಾಶಯಕ್ಕೆ ತಾವೇ ಯೋಜಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿದರು. ಇವುಗಳಲ್ಲಿ ಬ್ಲಾಕ್ ಪದ್ಧತಿಯನ್ನು ನಮ್ಮಂತಹ ಬರದ ಸೀಮೆಯವರು ಗಮನಿಸಬೇಕು. ಇರುವ ನೀರು ಕಾಲುವೆಯ ತಲೆಯಲ್ಲಿರುವ ಕೆಲವರ ಪಾಲಾಗದಂತೆ, ನೆಲವನ್ನು ಭಾಗಗಳಾಗಿ ವಿಂಗಡಿಸಿ, ಬೆಳೆಗಳನ್ನು ಸರದಿಯಂತೆ ಬದಲಿಸಿ, ಹೆಚ್ಚು ಹಳ್ಳಿಗಳಿಗೆ ಹಂಚುವ ಕ್ರಮ ಅದು. ಮುಂದೆ ಅವರು ವಿದ್ಯೆಯ ವಿಷಯದಲ್ಲಿಯೂ ಇದೇ ಲೆಕ್ಕಾಚಾರವನ್ನು ಮಾಡಿದರೆಂದು ನನಗೆ ತೋರುತ್ತದೆ. ಮೊದಲು ಇರುವುದನ್ನು ಅಳೆಯಬೇಕು, ಆಮೇಲೆ ಬೇಕಾದುದನ್ನು ಅಳೆಯಬೇಕು, ಬಳಿಕ ಹಂಚಬೇಕು.

1898ರಲ್ಲಿ ಅವರು ಜಪಾನಿಗೆ ಹೋಗಿಬಂದರು. ಕೆಲವೇ ದಶಕಗಳ ಹಿಂದೆ ಹೊರಜಗತ್ತಿಗೆ ಬಾಗಿಲು ತೆರೆದ ಆ ದೇಶವು ಶಾಲೆಗಳ ಮೂಲಕ, ಅದರಲ್ಲಿಯೂ ಕಸುಬಿನ ಶಾಲೆಗಳ ಮೂಲಕ, ತನ್ನ ಜನರನ್ನು ಕಾರ್ಖಾನೆಗಳಿಗೆ ಅಣಿಗೊಳಿಸಿದ ಬಗೆಯನ್ನು ಕಣ್ಣಾರೆ ಕಂಡರು. ಆ ಪ್ರವಾಸವು ಅವರ ಮನಸ್ಸಿನ ಮೇಲೆ ಅಳಿಯದ ಪ್ರಭಾವ ಬೀರಿತು. ನಮ್ಮವರಿಗೆ ಬುದ್ಧಿಯಲ್ಲಿ ಕೊರತೆಯಿಲ್ಲ, ಕೊರತೆಯಿರುವುದು ಏರ್ಪಾಟಿನಲ್ಲಿ ಎಂಬ ನಿಶ್ಚಯವು ಅಲ್ಲಿಂದ ಮುಂದೆ ಅವರ ನಡೆಯಲ್ಲಿ ಕಾಣತೊಡಗಿತು.

ಮುಂಬಯಿ ಸೇವೆಯಿಂದ ಸ್ವಇಚ್ಛೆಯಿಂದ ನಿವೃತ್ತರಾದ ಮೇಲೆ, 1908ರ ಮೂಸಿ ನದಿಯ ಭೀಕರ ಪ್ರವಾಹದಿಂದ ನಲುಗಿದ ಹೈದರಾಬಾದ್ ನಗರಕ್ಕೆ ರಕ್ಷಣೆಯ ಯೋಜನೆಯನ್ನು ಸಿದ್ಧಪಡಿಸಿಕೊಟ್ಟರು. 1909ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1911ರಲ್ಲಿ ಕನ್ನಂಬಾಡಿಯಲ್ಲಿ ಕಾವೇರಿಗೆ ಅಣೆಕಟ್ಟಿನ ಕೆಲಸ ಆರಂಭವಾಯಿತು. ಸಿಮೆಂಟಿನ ಬದಲು ಸುಣ್ಣ ಮತ್ತು ಸುಟ್ಟ ಮಣ್ಣಿನ ಪುಡಿ ಬೆರೆಸಿದ ಸುರ್ಕಿ ಗಾರೆಯಿಂದ, ಸುಮಾರು 10,000 ಮಂದಿಯ ದುಡಿಮೆಯಿಂದ ಆ ಕಟ್ಟೆ ಮೇಲೆದ್ದಿತು. ಕಲ್ಲು ಒಡೆಯುವವರು, ಗಾರೆಯವರು, ಮೇಸ್ತ್ರಿಗಳು, ಮಟ್ಟ ನೋಡುವವರು, ಲೆಕ್ಕ ಬರೆಯುವವರು, ಹೀಗೆ ಅದೊಂದು ದೊಡ್ಡ ಕಸುಬಿನ ಶಾಲೆಯೇ ಆಗಿತ್ತೆಂದರೆ ಅತಿಶಯೋಕ್ತಿಯಾಗದು. ಕೆಲಸ ಪೂರ್ಣಗೊಂಡದ್ದು 1930ರ ದಶಕದ ಆರಂಭದಲ್ಲಿ. ಅಷ್ಟು ದೀರ್ಘಕಾಲದ ಕೆಲಸವೊಂದು, ಆರಂಭಿಸಿದವರು ಅಧಿಕಾರದಿಂದ ಇಳಿದ ಮೇಲೂ ನಿಲ್ಲದೆ ನಡೆಯಬೇಕಾದರೆ, ಅದನ್ನು ಮುಂದುವರಿಸಬಲ್ಲ ಸ್ಥಳೀಯ ಇಂಜಿನಿಯರುಗಳೂ ಕೆಲಸಗಾರರೂ ಇರಲೇಬೇಕು.

ಅದೇ 1911ರಲ್ಲಿ ಅವರ ಸಲಹೆಯಂತೆ ಮೈಸೂರು ಆರ್ಥಿಕ ಸಮ್ಮೇಳನವು ಸ್ಥಾಪನೆಯಾಯಿತು. ನನ್ನ ದೃಷ್ಟಿಯಲ್ಲಿ ಇದು ಅವರ ಬಾಳಿನ ಬಹು ಮುಖ್ಯವಾದ ಕೆಲಸಗಳಲ್ಲೊಂದು. ಅಧಿಕಾರಿಗಳೂ, ವರ್ತಕರೂ, ರೈತಮುಖಂಡರೂ, ವಿದ್ಯಾವಂತರೂ ಒಂದೆಡೆ ಕುಳಿತು ನಾಡಿನ ಆರ್ಥಿಕ ಸ್ಥಿತಿಯನ್ನು ವಿಚಾರಿಸುವ ವೇದಿಕೆ ಅದು. ವ್ಯವಸಾಯಕ್ಕೆ ಒಂದು, ಕೈಗಾರಿಕೆ ಮತ್ತು ವಾಣಿಜ್ಯಕ್ಕೆ ಒಂದು, ವಿದ್ಯಾಭ್ಯಾಸಕ್ಕೆ ಒಂದು, ಹೀಗೆ ಮೂರು ಸಮಿತಿಗಳು ಅದರಡಿಯಲ್ಲಿ ಕೆಲಸ ಮಾಡಿದವು. ಈ ಮೂರನ್ನು ಅಕ್ಕಪಕ್ಕದಲ್ಲಿ ಕೂರಿಸಿದುದರಲ್ಲಿಯೇ ಅವರ ದೂರದೃಷ್ಟಿ ಅಡಗಿದೆ. ಕೈಗಾರಿಕೆಯ ಸಮಿತಿ ತನಗೆ ಎಂತಹ ಕೆಲಸಗಾರರು ಬೇಕೆಂದು ಹೇಳಬೇಕು, ವಿದ್ಯಾಭ್ಯಾಸದ ಸಮಿತಿ ಅಂಥವರನ್ನು ಎಲ್ಲಿ ಹೇಗೆ ತಯಾರಿಸುವುದೆಂದು ಯೋಚಿಸಬೇಕು. ಇವೆರಡೂ ಒಂದರ ಮಾತನ್ನೊಂದು ಕೇಳದಿದ್ದಲ್ಲಿ ಒಂದು ಕಡೆ ಕೆಲಸವಿಲ್ಲದ ಪದವೀಧರರೂ ಇನ್ನೊಂದು ಕಡೆ ಕೆಲಸಗಾರರಿಲ್ಲದ ಕಾರ್ಖಾನೆಗಳೂ ಉಳಿಯುತ್ತವೆ. ಈ ಮಾತು ಇಂದಿಗೂ ಹಳೆಯದಾಗಿಲ್ಲ.

1912ರ ನವೆಂಬರಿನಲ್ಲಿ ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾದರು. 1915ರಲ್ಲಿ ಸರ್ ಪದವಿ ಬಂದಿತು. ದಿವಾನಗಿರಿಯ ಆರು ವರ್ಷಗಳಲ್ಲಿ ಅವರು ಸ್ಥಾಪಿಸಿದ ಸಂಸ್ಥೆಗಳ ಪಟ್ಟಿ ದೊಡ್ಡದು. ಮೈಸೂರು ಬ್ಯಾಂಕು, ಸಾಹಿತ್ಯ ಪರಿಷತ್ತು, ವಾಣಿಜ್ಯ ಮಂಡಳಿ, ವಿಶ್ವವಿದ್ಯಾನಿಲಯ ಮುಂತಾದುವನ್ನು ಎಲ್ಲರೂ ಬಲ್ಲರು. ನಾನು ಹೇಳಹೊರಟಿರುವುದು ಅವುಗಳ ಹಿಂದಿದ್ದ ಕ್ರಮವನ್ನು ಕುರಿತು. ಅವರು ಬುಡದಿಂದ ಆರಂಭಿಸಿದರು. 1913ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಹಂತಹಂತವಾಗಿ ಕಡ್ಡಾಯಗೊಳಿಸುವ ಕಾನೂನು ಬಂದಿತು. ಅವರ ಅಧಿಕಾರಾವಧಿಯಲ್ಲಿ ಸಂಸ್ಥಾನದ ಶಾಲೆಗಳ ಸಂಖ್ಯೆ ಸುಮಾರು 4,500ರಿಂದ 10,500ಕ್ಕೆ ಏರಿತು. ಓದು ಬರಹ ಬಾರದವನು ಅಳತೆಪಟ್ಟಿಯನ್ನು ನೋಡಲಾರ, ನಕ್ಷೆಯನ್ನು ಅರಿಯಲಾರ. ಆದ್ದರಿಂದ ಕಸುಬಿನ ಶಿಕ್ಷಣಕ್ಕೆ ಅಕ್ಷರವೇ ತಳಹದಿ ಎಂಬುದನ್ನು ಅವರು ಅರಿತಿದ್ದರು.

ಆ ತಳಹದಿಯ ಮೇಲೆ ಕಸುಬಿನ ಶಾಲೆಗಳು ಬಂದವು. 1913ರಲ್ಲಿ ಹೆಬ್ಬಾಳದಲ್ಲಿ ವ್ಯವಸಾಯ ಶಾಲೆ ಆರಂಭವಾಯಿತು. ಮೈಸೂರಿನ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಗಂಧ, ಬೀಟೆ, ದಂತದ ಕೆತ್ತನೆಯಂತಹ ಪರಂಪರೆಯ ಕಸುಬುಗಳಿಗೂ ಹೊಸ ಯಂತ್ರಗಳ ಕಸುಬುಗಳಿಗೂ ನೆಲೆ ದೊರೆಯಿತು. ರೇಷ್ಮೆಹುಳು ಸಾಕಣೆಗೆ ಇಟಲಿಯಿಂದ ತಜ್ಞರು ಬಂದರು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. 1917ರಲ್ಲಿ ಬೆಂಗಳೂರಿನಲ್ಲಿ ಸಿವಿಲ್ ಮತ್ತು ಮೆಕ್ಯಾನಿಕಲ್ ವಿಭಾಗಗಳೊಡನೆ, ಕೇವಲ 20 ವಿದ್ಯಾರ್ಥಿಗಳೊಡನೆ, ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಮೂವತ್ತೈದು ವರ್ಷಗಳ ಹಿಂದೆ ತಾವು ಯಾವ ವಿದ್ಯೆಗಾಗಿ ಪುಣೆಗೆ ಹೋಗಬೇಕಾಗಿತ್ತೋ, ಅದೇ ವಿದ್ಯೆ ತಮ್ಮ ನಾಡಿನ ಮಕ್ಕಳಿಗೆ ಮನೆಯ ಬಾಗಿಲಲ್ಲಿ ದೊರೆಯುವಂತೆ ಅವರು ಮಾಡಿದರು.

ಗಂಧದ ಸಾಬೂನಿನ ಕಥೆ ಇಲ್ಲಿ ಉಲ್ಲೇಖನೀಯ. ಮೊದಲನೆಯ ಮಹಾಯುದ್ಧ ಆರಂಭವಾದಾಗ ಮೈಸೂರಿನ ಗಂಧದ ಮರಕ್ಕೆ ಯೂರೋಪಿನ ಮಾರುಕಟ್ಟೆ ಮುಚ್ಚಿತು. ಅದುವರೆಗೆ ನಾವು ಮರವನ್ನು ಕಳುಹಿಸುತ್ತಿದ್ದೆವು, ಎಣ್ಣೆ ತೆಗೆಯುವ ವಿದ್ಯೆ ಹೊರಗಿನವರದಾಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳ ಪ್ರಯೋಗಗಳ ನೆರವಿನಿಂದ ಗಂಧದೆಣ್ಣೆಯನ್ನು ಇಲ್ಲಿಯೇ ತೆಗೆಯುವ ಕಾರ್ಖಾನೆ ಆರಂಭವಾಯಿತು. ಎಣ್ಣೆಯಿಂದ ಸಾಬೂನು ಮಾಡುವ ಹೊತ್ತಿಗೆ ಅದನ್ನು ಬಲ್ಲವರು ಬೇಕಾದರು. ಆಗ ಸೋಸಲೆ ಗರಳಪುರಿ ಶಾಸ್ತ್ರಿಯವರೆಂಬ ತರುಣ ರಸಾಯನಶಾಸ್ತ್ರಜ್ಞರನ್ನು ಆ ವಿದ್ಯೆಗಾಗಿ ಇಂಗ್ಲೆಂಡಿಗೆ ಕಳುಹಿಸಲಾಯಿತು. ಅವರು ಕಲಿತು ಮರಳಿ ಬಂದು ಮಾಡಿದ ಮೈಸೂರು ಸ್ಯಾಂಡಲ್ ಸಾಬೂನು ಒಂದು ಶತಮಾನ ಕಳೆದ ಮೇಲೂ ನಮ್ಮ ಮನೆಗಳ ಬಚ್ಚಲಿನಲ್ಲಿದೆ. ಒಬ್ಬರನ್ನು ಕಳುಹಿಸಿ ಕಲಿಸಿ ಕರೆತಂದರೆ, ಅವರಿಂದ ನೂರಾರು ಜನ ಕಲಿಯುತ್ತಾರೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ಮಹಾಪುರುಷರ ಜೀವನವನ್ನು ಬರೆಯುವಾಗ ಗುಣಗಳನ್ನು ಮಾತ್ರ ಹೇಳಿ ಮುಗಿಸುವುದು ವಾಡಿಕೆ. ಆದರೆ ಅಧ್ಯಾಪಕನಾಗಿದ್ದ ನನಗೆ ಅದು ಸರಿಯೆನಿಸದು. 1918ರಲ್ಲಿ, ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಹುದ್ದೆಗಳಲ್ಲಿ ಸ್ಥಾನಗಳನ್ನು ಮೀಸಲಿಡಬೇಕೆಂಬ ಬೇಡಿಕೆ ಮೈಸೂರಿನಲ್ಲಿ ಬಲವಾಯಿತು. ಮಹಾರಾಜರು ಅದನ್ನು ವಿಚಾರಿಸಲು ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಶಿಕ್ಷಣವನ್ನು ವಿಸ್ತರಿಸಿದರೆ ಕಾಲಕ್ರಮದಲ್ಲಿ ಎಲ್ಲರೂ ಮೇಲೆ ಬರುವರು, ಅರ್ಹತೆಯಲ್ಲಿ ಸಡಿಲಿಕೆ ಮಾಡಿದರೆ ಆಡಳಿತದ ದಕ್ಷತೆ ಕುಂದುವುದು ಎಂಬುದು ಅವರ ನಿಲುವಾಗಿತ್ತು. ಅದೇ ವರ್ಷದ ಕೊನೆಯಲ್ಲಿ ಅವರು ದಿವಾನ್ ಪದವಿಯನ್ನು ಬಿಟ್ಟರು. ಸಮಿತಿಯ ಶಿಫಾರಸುಗಳು ಮುಂದೆ ಜಾರಿಗೆ ಬಂದು ನಾಡಿಗೆ ಒಳಿತನ್ನೇ ಮಾಡಿದವೆಂದು ಕಾಲ ತೋರಿಸಿಕೊಟ್ಟಿದೆ. ಬಾಗಿಲು ತೆರೆದಿದ್ದರೆ ಸಾಲದು, ಬಹುಕಾಲ ಹೊರಗೆ ನಿಂತವರನ್ನು ಕೈಹಿಡಿದು ಒಳಗೆ ಕರೆಯಬೇಕು ಎಂಬುದನ್ನು ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತ ಮಕ್ಕಳಿಂದ ನಾನು ಕಲಿತೆ. ಈ ಒಂದು ವಿಷಯದಲ್ಲಿ ನಾನು ಆ ಮಹನೀಯರಿಗಿಂತ ಭಿನ್ನವಾಗಿ ಯೋಚಿಸುತ್ತೇನೆ. ಅದರಿಂದ ಅವರ ಮೇಲಿನ ನನ್ನ ಗೌರವಕ್ಕೆ ಕುಂದಿಲ್ಲ.

ಪದವಿಯನ್ನು ಬಿಟ್ಟರೂ ಅವರು ಕೆಲಸವನ್ನು ಬಿಡಲಿಲ್ಲ. ಅವರೇ ಯೋಜಿಸಿದ್ದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರ ಜನವರಿಯಲ್ಲಿ ಉತ್ಪಾದನೆ ಆರಂಭಿಸಿತು. ಬಾಬಾಬುಡನ್ ಬೆಟ್ಟಸಾಲಿನ ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಮರದ ಇದ್ದಿಲು, ಇವುಗಳಿಂದ ಬೀಡು ಕಬ್ಬಿಣವನ್ನು ತಯಾರಿಸುವ ಕಾರ್ಖಾನೆಯದು. ಆದರೆ ಯುದ್ಧಾನಂತರ ಕಬ್ಬಿಣದ ಬೆಲೆ ಕುಸಿದಿತ್ತು. ಕಾರ್ಖಾನೆ ನಷ್ಟದಲ್ಲಿ ನಡೆಯುತ್ತಿತ್ತು. ಮುಖ್ಯ ಸ್ಥಾನಗಳಲ್ಲಿದ್ದ ವಿದೇಶೀ ಪರಿಣತರ ಸಂಬಳವೂ ದೊಡ್ಡ ಹೊರೆಯಾಗಿತ್ತು. ಇಂತಹ ಸಮಯದಲ್ಲಿ ಅದರ ಆಡಳಿತ ಮಂಡಳಿಯ ಅಧ್ಯಕ್ಷತೆಯನ್ನು ಅರವತ್ತು ದಾಟಿದ ವಿಶ್ವೇಶ್ವರಯ್ಯನವರು ವಹಿಸಿಕೊಂಡು 1929ರವರೆಗೆ ನಡೆಸಿದರು. ಖರ್ಚುವೆಚ್ಚಗಳನ್ನು ಬಿಗಿಗೊಳಿಸಿದರು. ವಿದೇಶೀ ಪರಿಣತರ ಜೊತೆಯಲ್ಲಿ ನಮ್ಮ ತರುಣರನ್ನು ನಿಲ್ಲಿಸಿ, ಕೆಲಸ ಕಲಿತಂತೆಲ್ಲ ಅವರಿಗೆ ಜವಾಬ್ದಾರಿಯನ್ನು ವಹಿಸಿದರು. ಊದುಕುಲುಮೆಯ ಮುಂದೆ ನಿಂತು ಕರಗಿದ ಕಬ್ಬಿಣದ ಬಣ್ಣವನ್ನು ನೋಡಿ ಹದ ಹೇಳುವ ವಿದ್ಯೆ ಪುಸ್ತಕದಿಂದ ಬರುವುದಿಲ್ಲ. ಬಲ್ಲವನ ಪಕ್ಕದಲ್ಲಿ ತಿಂಗಳುಗಟ್ಟಲೆ ನಿಂತವನಿಗೆ ಮಾತ್ರ ಅದು ಒಲಿಯುತ್ತದೆ. ಹೀಗೆ ಕಾರ್ಖಾನೆಯನ್ನು ಕನ್ನಡ ನಾಡಿನವರೇ ನಡೆಸುವ ಸ್ಥಿತಿಗೆ ತಂದರು. ಬೆಂಗಳೂರಿನಲ್ಲಿ 1917ರಲ್ಲಿ ಕಾಲೇಜು ಆರಂಭವಾಗಿದ್ದುದರಿಂದಲೇ, 1923ರ ಹೊತ್ತಿಗೆ ಈ ನಾಡಿನಲ್ಲಿಯೇ ಕಲಿತ ಇಂಜಿನಿಯರುಗಳು ದೊರೆಯುವಂತಾಗಿತ್ತು. ಯೋಜನೆಯೆಂದರೆ ಇದೇ. ಹಸಿವಾದ ಮೇಲೆ ಬಿತ್ತಿದರೆ ಬೆಳೆ ಕೈಗೆ ಬರುವಷ್ಟರಲ್ಲಿ ಉಸಿರಿರುವುದಿಲ್ಲ.

ಭದ್ರಾವತಿಯ ಸೇವೆಗೆ ಸಂಬಂಧಿಸಿ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಅಲ್ಲಿ ದುಡಿದ ವರ್ಷಗಳಿಗಾಗಿ ಸರ್ಕಾರವು ಅವರಿಗೆ ಕೊಡಬೇಕಾಗಿದ್ದ ಗೌರವಧನ ಲಕ್ಷ ರೂಪಾಯಿಗಳನ್ನು ಮೀರಿತ್ತು. ಅವರು ಅದನ್ನು ತಮಗಾಗಿ ತೆಗೆದುಕೊಳ್ಳದೆ, ತರುಣರಿಗೆ ಕಸುಬುಗಳನ್ನು ಕಲಿಸುವ ಸಂಸ್ಥೆಯೊಂದನ್ನು ಸ್ಥಾಪಿಸಲು ಬಳಸಬೇಕೆಂದು ತಿಳಿಸಿದರು. ಸಂಸ್ಥೆಗೆ ಅವರ ಹೆಸರಿಡುವ ಸೂಚನೆ ಬಂದಾಗ ಅದನ್ನೂ ಒಪ್ಪಲಿಲ್ಲ. ಹೀಗೆ 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಂಸ್ಥೆಯೇ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್, ಮುಂದಿನ ಎಸ್.ಜೆ. ಪಾಲಿಟೆಕ್ನಿಕ್. ದೇಶದಲ್ಲಿ ಬೇರೆಡೆ ಸುಲಭವಾಗಿ ಸಿಗದ ಕಸುಬುಗಳನ್ನು ಅಲ್ಲಿ ಕಲಿಸಲಾಯಿತು. ಚಲನಚಿತ್ರ ಛಾಯಾಗ್ರಹಣವೂ ಅವುಗಳಲ್ಲೊಂದು. ಮೈಸೂರಿನ ವಿ.ಕೆ. ಮೂರ್ತಿಯವರು 1946ರಲ್ಲಿ ಅಲ್ಲಿ ಡಿಪ್ಲೊಮಾ ಪಡೆದು ಮುಂಬಯಿಗೆ ಹೋಗಿ ಗುರುದತ್ತರ ಚಿತ್ರಗಳಿಗೆ ಬೆಳಕನ್ನು ತೀಡಿದರು. ಛಾಯಾಗ್ರಾಹಕರಾಗಿ 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಗೆ ಪಾತ್ರರಾದರು. ಗೋವಿಂದ ನಿಹಲಾನಿಯವರೂ ಆ ಸಂಸ್ಥೆಯ ವಿದ್ಯಾರ್ಥಿಯೇ. ಕಬ್ಬಿಣ ಕರಗಿಸಿ ಗಳಿಸಿದ ಹಣವು ಬೆಳ್ಳಿತೆರೆಯ ಬೆಳಕಾಗಿ ಹರಿದುದು ಸೋಜಿಗವಲ್ಲವೇ?

1934ರಲ್ಲಿ ಅವರು ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆಯನ್ನು ಕುರಿತ ಗ್ರಂಥವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ದೇಶದ ಮೊದಲನೆಯ ಪಂಚವಾರ್ಷಿಕ ಯೋಜನೆ ಆರಂಭವಾಗುವುದಕ್ಕೆ 17 ವರ್ಷಗಳ ಮುಂಚೆ ಬಂದ ಗ್ರಂಥವದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿಗೆ ವಿಮಾನ ಕಾರ್ಖಾನೆ ಬಂದಾಗ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ತಂತ್ರಜ್ಞಾನದ ವಿಭಾಗ 1942ರ ಕೊನೆಯಲ್ಲಿ ಆರಂಭವಾಯಿತು. ಆ ವರ್ಷಗಳಲ್ಲಿ ಸಂಸ್ಥೆಯ ಪರಿಷತ್ತಿನ ಅಧ್ಯಕ್ಷರಾಗಿದ್ದವರು ವಿಶ್ವೇಶ್ವರಯ್ಯನವರೇ. ಇಲ್ಲಿಯೂ ಕಾರ್ಖಾನೆ ಮತ್ತು ತರಬೇತಿ ಒಂದರ ಹಿಂದೆ ಒಂದು ನಡೆದುದನ್ನು ನೋಡಬಹುದು. ಸ್ವಾತಂತ್ರ್ಯಾನಂತರ ಹಳ್ಳಿಗಳ ಗುಂಪುಗಳಲ್ಲಿ ಸಣ್ಣ ಕೈಗಾರಿಕೆಗಳನ್ನು ಬೆಳೆಸುವ ಯೋಜನೆಯನ್ನು ಅವರು ತಮ್ಮ ಇಳಿವಯಸ್ಸಿನಲ್ಲಿ ಪ್ರತಿಪಾದಿಸಿದರು. 1951ರಲ್ಲಿ ತಮ್ಮ ವೃತ್ತಿಜೀವನದ ನೆನಪುಗಳನ್ನು ಪ್ರಕಟಿಸಿದರು. 1955ರಲ್ಲಿ ಭಾರತರತ್ನ ಪ್ರಶಸ್ತಿ ಅವರನ್ನು ಅರಸಿ ಬಂದಿತು. ನೂರು ವರ್ಷಗಳ ತುಂಬು ಬದುಕನ್ನು ಬಾಳಿ, 1962ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಹುಟ್ಟೂರಾದ ಮುದ್ದೇನಹಳ್ಳಿಯ ಮಣ್ಣಿನಲ್ಲಿಯೇ ಅವರ ಅಂತ್ಯಕ್ರಿಯೆ ನಡೆಯಿತು. ಅವರ ಜನ್ಮದಿನವನ್ನು ದೇಶವು ಇಂಜಿನಿಯರುಗಳ ದಿನವಾಗಿ ಆಚರಿಸುತ್ತಿದೆ.

ಈಗ ನಮ್ಮ ಸೀಮೆಯ ಕಡೆಗೆ ಕಣ್ಣು ಹಾಯಿಸೋಣ. 1953ರಲ್ಲಿ ರಾಯದುರ್ಗವು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರದ ಅನಂತಪುರ ಜಿಲ್ಲೆಗೆ ಸೇರಿತು. ಮಡಕಶಿರಾ ಮೊದಲಿನಿಂದಲೂ ಅನಂತಪುರದಲ್ಲಿತ್ತು. 2022ರಲ್ಲಿ ಜಿಲ್ಲೆಗಳ ವಿಂಗಡಣೆಯಾದಾಗ ಅದು ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಾಯಿತು. ಜಿಲ್ಲೆಯ ಹೆಸರು ಬದಲಾದರೂ ಬರ ಬದಲಾಗಲಿಲ್ಲ. ಕಡಲೆಕಾಯಿ ಕೈಕೊಟ್ಟ ವರ್ಷಗಳಲ್ಲಿ ನಮ್ಮ ತರುಣರು ಬೆಂಗಳೂರಿನ ಕಟ್ಟಡಗಳಿಗೆ ಕಲ್ಲು ಮಣ್ಣು ಹೊರಲು ಹೋಗುತ್ತಾರೆ. ಕಸುಬು ಕಲಿತು ಹೋದವನು ಮೇಸ್ತ್ರಿಯಾಗುತ್ತಾನೆ, ಕಲಿಯದೆ ಹೋದವನು ಬಾಂಡಲಿ ಹೊರುತ್ತಾನೆ. ಇಬ್ಬರೂ ಹೋಗುವುದು ಒಂದೇ ಬಸ್ಸಿನಲ್ಲಿ. ಅದೇ ವೇಳೆಗೆ ಇತ್ತ ರಾಯದುರ್ಗದಲ್ಲಿ ಸಿದ್ಧ ಉಡುಪಿನ ಕೆಲಸ ಬೆಳೆದಿದೆ. ಹಿಂದೂಪುರದಲ್ಲಿ ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆಯಿದೆ. ಪೆನುಕೊಂಡದ ಬಳಿ ಕೊರಿಯಾ ದೇಶದ ಕಾರು ಕಾರ್ಖಾನೆಯೊಂದು 2019ರಲ್ಲಿ ಉತ್ಪಾದನೆ ಆರಂಭಿಸಿತು. ಪ್ರತಿ ಹಳ್ಳಿಯಲ್ಲಿಯೂ ಕೊಳವೆ ಬಾವಿಯ ಮೋಟರು, ಹನಿ ನೀರಾವರಿಯ ಕೊಳವೆ, ಟ್ರಾಕ್ಟರು, ಸೌರಫಲಕಗಳಿವೆ. ಇವೆಲ್ಲವೂ ಬಲ್ಲವರ ಕೈಗಾಗಿ ಕಾದಿವೆ. ಕೆಲಸವೂ ಇಲ್ಲಿಯೇ ಇದೆ, ಕೆಲಸವಿಲ್ಲದ ಮಕ್ಕಳೂ ಇಲ್ಲಿಯೇ ಇದ್ದಾರೆ. ನಡುವೆ ಇರಬೇಕಾದ ಸೇತುವೆಯೇ ತರಬೇತಿ.

ದೇಶದಲ್ಲಿ ಕುಶಲಕರ್ಮಿಗಳ ತರಬೇತಿ ಯೋಜನೆ 1950ರಲ್ಲಿಯೂ, ಕಾರ್ಖಾನೆಗಳಲ್ಲಿ ಅಪ್ರೆಂಟಿಸರನ್ನು ತೆಗೆದುಕೊಳ್ಳಬೇಕೆನ್ನುವ ಕಾನೂನು 1961ರಲ್ಲಿಯೂ ಬಂದಿವೆ. ಏರ್ಪಾಟುಗಳಿಲ್ಲವೆಂದು ಹೇಳುವಂತಿಲ್ಲ. ಆದರೆ ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಗಡಿಯ ಮಕ್ಕಳು ತರಬೇತಿಗೆ ಹೋದಾಗ ಅಲ್ಲಿಯ ಪುಸ್ತಕ ಇಂಗ್ಲಿಷಿನದು, ಮಾತು ತೆಲುಗಿನದು. ಅತ್ತ ಕರ್ನಾಟಕಕ್ಕೆ ಹೋದರೆ ಹೊರ ರಾಜ್ಯದವರೆಂಬ ಅಡ್ಡಿ. ನನ್ನ ವೃತ್ತಿಯ ದಿನಗಳಲ್ಲಿ, ಇಂತಹ ತೊಡಕಿನಿಂದ ಮೊದಲ ತಿಂಗಳಲ್ಲಿಯೇ ಮನೆಗೆ ಮರಳಿದ ಬುದ್ಧಿವಂತ ಹುಡುಗರನ್ನು ಕಂಡಿದ್ದೇನೆ. ಲೇತಿನ ಮುಂದೆ ಕೈ ನಡುಗದವನು ಅರ್ಜಿಯ ಮುಂದೆ ಸೋತ.

ಆದ್ದರಿಂದ ಈ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ಹಳೆಯ ವಿದ್ಯಾರ್ಥಿಗಳ ಸಂಘದ ಮುಂದೆ ವಿನಯಪೂರ್ವಕವಾಗಿ ಒಂದು ಸಲಹೆಯನ್ನಿಡುತ್ತೇನೆ. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಹಾಕುವುದರ ಜೊತೆಗೆ ಅವರ ರೀತಿಯ ಒಂದು ಸಣ್ಣ ಖಾನೇಷುಮಾರಿಯನ್ನು ಮಾಡೋಣ. ಸುತ್ತಲಿನ ಹಳ್ಳಿಗಳಲ್ಲಿ ಎಷ್ಟು ಮೋಟರುಗಳಿವೆ, ರಿಪೇರಿ ಬಲ್ಲವರೆಷ್ಟು. ಎಷ್ಟು ರೇಷ್ಮೆ ಮನೆಗಳಿವೆ, ಕೆಲಸ ತಿಳಿದವರೆಷ್ಟು. ಹತ್ತನೆಯ ತರಗತಿಗೆ ಓದು ನಿಲ್ಲಿಸಿದವರು ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ. ಹತ್ತನೆಯ ತರಗತಿಯ ಮಕ್ಕಳೇ ಮನೆಮನೆಗೆ ಹೋಗಿ ಬರೆದುಕೊಂಡು ಬರಬಲ್ಲರು. ಆ ಪಟ್ಟಿ ಕೈಗೆ ಬಂದ ಮೇಲೆ, ಕಸುಬಿನಲ್ಲಿ ಪಳಗಿದ ನಮ್ಮ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೆ ಒಬ್ಬೊಬ್ಬ ಹುಡುಗನನ್ನೋ ಹುಡುಗಿಯನ್ನೋ ತಮ್ಮ ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಲಿ. ಅರ್ಜಿ ತುಂಬುವುದಕ್ಕೂ, ಕಸುಬಿನ ಪದಗಳನ್ನು ಕನ್ನಡದಿಂದ ಇಂಗ್ಲಿಷಿಗೂ ತೆಲುಗಿಗೂ ಹೊಂದಿಸಿಕೊಳ್ಳುವುದಕ್ಕೂ ಭಾನುವಾರಗಳಲ್ಲಿ ಶಾಲೆಯ ಒಂದು ಕೋಣೆಯನ್ನು ತೆರೆದಿಡೋಣ. ಆ ಕೋಣೆಯಲ್ಲಿ ಮೊದಲ ಭಾನುವಾರ ಪಾಠ ಹೇಳಲು ನಾನು ಸಿದ್ಧನಿದ್ದೇನೆ. ಬಿಚ್ಚಿ ಜೋಡಿಸಲು ಒಂದು ಹಳೆಯ ಎಂಜಿನ್ ನನ್ನ ಬಳಿ ಇದೆ. ತಂದೆಯವರ ಬಾವಿಯ ಮೇಲೆ ಆ ಬೇಸಿಗೆಯಲ್ಲಿ ನಿಂತುಹೋದದ್ದು ಅದೇ ಎಂಜಿನ್.